ಎಳ್ಳುಕಾಳಿನಷ್ಟು ಗಾಯ

ಗಂಡುಬೆಕ್ಕುಗಳ ಜಗಳದಲ್ಲಿ ಕೈಗಿಂತ ಬಾಯಿಯ ಕೆಲಸವೇ ಹೆಚ್ಚು. ಎದುರುಬದುರು ಕುಳಿತು ಅರ್ಧ ಗಂಟೆ ತಾಳಮದ್ದಳೆಯ ಅರ್ಥಧಾರಿಗಳಂತೆ ಸ್ವರ ಏರಿಸಿ ಇಳಿಸಿ ವಾದಿಸುತ್ತವೆ. ಹೊಡೆದಾಟ ಮಾತ್ರ ಹತ್ತು ಸೆಕೆಂಡಿನಲ್ಲಿ ಮುಗಿಯುತ್ತದೆ. ಮುಂಬಯಿ ಬಳಿಯ ಡೊಂಬಿವಲಿಯ ನಮ್ಮ ಹಳೆಯ ಕಟ್ಟಡದ ಹಿಂದೆ, ನೀರಿನ ಟ್ಯಾಂಕಿನ ಮೇಲೆ, ಇಂಥ ಪ್ರಸಂಗ ವಾರಕ್ಕೊಂದಾದರೂ ಇರುತ್ತದೆ. ಕುಂದಾಪುರದ ಕಡೆಯವಳಾದ ನನಗೆ ಅದನ್ನು ಕೇಳುತ್ತಲೇ ನಿದ್ದೆ ಮಾಡುವ ಅಭ್ಯಾಸವಿದೆ. ಜುಲೈ ತಿಂಗಳ ಆ ರಾತ್ರಿ ಮಾತ್ರ ಕೊನೆಯ ಕಿರುಚಾಟ ನಮ್ಮ ಶುಂಠಿಯದು ಎಂದು ಗೊತ್ತಾಗಿ ಎದ್ದು ಓಡಿದೆ.

ಶುಂಠಿ ನಮ್ಮ ಮನೆಯ ಕೇಸರಿ ಬಣ್ಣದ ಬೆಕ್ಕು, ಮೂರು ವರ್ಷದವನು. ಎದುರಾಳಿ ಮೀನು ಮಾರುಕಟ್ಟೆಯ ಕಡೆಯಿಂದ ಬರುವ ಕಪ್ಪು ಬಿಳುಪಿನ ಬೋಕಾ (ಮರಾಠಿಯಲ್ಲಿ ಗಂಡುಬೆಕ್ಕು), ಕುತ್ತಿಗೆ ನನ್ನ ತೋಳಿನಷ್ಟು ದಪ್ಪ. ನಾನು ಮಾಡಿದ ಮೊದಲ ತಪ್ಪು ನಡುವೆ ಕೈ ಹಾಕಿದ್ದು. ಕೆರಳಿದ ಬೆಕ್ಕಿಗೆ ಯಜಮಾನತಿ, ಎದುರಾಳಿ ಎಂಬ ಭೇದವಿಲ್ಲ. ಅಂಗೈಯ ಹಿಂಭಾಗದಲ್ಲಿ ಮೂರು ಗೆರೆ, ರಕ್ತ. ಒಂದು ಚೊಂಬು ನೀರು ಎರಚಿದ್ದರೆ ಸಾಕಿತ್ತು. ಬೀದಿಯ ಬೆಕ್ಕೂ ಸೇರಿಕೊಂಡ ಜಗಳವಾದ್ದರಿಂದ ನಲ್ಲಿಯ ಕೆಳಗೆ ಸಾಬೂನು ಹಚ್ಚಿ ಹದಿನೈದು ನಿಮಿಷ ಕೈ ತೊಳೆದೆ. ಬೆಳಿಗ್ಗೆ ಸರಕಾರಿ ಆಸ್ಪತ್ರೆಗೆ ಹೋಗಿ ರೇಬೀಸ್ ಚುಚ್ಚುಮದ್ದು ಹಾಕಿಸಿಕೊಂಡೆ. ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಪಕ್ಕದ ಮನೆಯವರು ‘ಬೆಕ್ಕು ಪರಚಿದ್ದಕ್ಕೆ ಇಂಜೆಕ್ಷನ್ನೇ?’ ಎಂದು ನಕ್ಕರು. ನಗಲಿ. ರೇಬೀಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಔಷಧವಿಲ್ಲ.

ಎರಡನೆಯ ತಪ್ಪು ದೊಡ್ಡದು. ಶುಂಠಿಯನ್ನು ಒಳಗೆ ತಂದು ದೀಪದ ಕೆಳಗೆ ನೋಡಿದೆ. ಕಿವಿಯ ಅಂಚು ಚೂರು ಹರಿದಿತ್ತು, ಅಲ್ಲಲ್ಲಿ ಕೂದಲು ಕಿತ್ತು ಬಂದಿತ್ತು, ಬಾಲದ ಬುಡದಲ್ಲಿ ಕೂದಲು ಒದ್ದೆಯಾಗಿ ಅಂಟಿಕೊಂಡಿತ್ತು. ಎದುರಾಳಿಯ ಜೊಲ್ಲು ಇರಬೇಕೆಂದು ಒರೆಸಿದೆ. ರಕ್ತ ಸುರಿಯುತ್ತಿದ್ದ ಕಿವಿಗೇ ನನ್ನ ಉಪಚಾರವೆಲ್ಲ ಸಂದಿತು. ಕಿವಿ ಮೂರೇ ದಿನದಲ್ಲಿ ಒಣಗಿತು. ಕಾಡಿದ್ದು ಒದ್ದೆ ಕೂದಲು.

ಮರುದಿನ ಅವನು ಕಪಾಟಿನ ಕೆಳಗೆ ಮಲಗಿದ್ದ. ಸೋತ ಅವಮಾನ ಎಂದು ತಮಾಷೆ ಮಾಡಿದೆವು. ಮೂರನೆಯ ದಿನ ಬಂಗುಡೆ ಬೇಯಿಸಿ ಇಟ್ಟರೂ ಮೂಗು ಚಾಚಲಿಲ್ಲ. ಎತ್ತಿಕೊಳ್ಳಲು ಹೋದಾಗ ಗುರ್ರ್ ಎಂದ. ಬೆರಳು ಒದ್ದೆ ಮಾಡಿಕೊಂಡು ಬಾಲದ ಬುಡದ ಕೂದಲನ್ನು ಸಾಲುಸಾಲಾಗಿ ಬಿಡಿಸುತ್ತ ಹೋದೆ. ಚರ್ಮದ ಮೇಲೆ ಎಳ್ಳುಕಾಳಿನಷ್ಟು ಕಪ್ಪು ಹಕ್ಕಳೆ. ಅದರ ಸುತ್ತ ಅರ್ಧ ನಿಂಬೆಹಣ್ಣಿನಷ್ಟು ಊತ, ಮುಟ್ಟಿದರೆ ಬಿಸಿ. ಮೇಲೆ ಬಸಪ್ಪ ಒಳಗೆ ವಿಷಪ್ಪ ಎಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ನಾನು ಕಂಡಿಲ್ಲ.

ಬೆಕ್ಕಿನ ಕೋರೆಹಲ್ಲು ಸೂಜಿಯಂತೆ ಆಳಕ್ಕೆ ಇಳಿಯುತ್ತದೆ, ಬಾಯಿಯ ಬ್ಯಾಕ್ಟೀರಿಯಾವನ್ನೂ ಜೊತೆಗೆ ಇಳಿಸುತ್ತದೆ. ಪಾಶ್ಚುರೆಲ್ಲಾ ಎಂಬುದು ಆರೋಗ್ಯವಂತ ಬೆಕ್ಕಿನ ಬಾಯಲ್ಲೂ ಸುಖವಾಗಿ ವಾಸಿಸುತ್ತದೆ. ಮೇಲಿನ ತೂತು ಒಂದೆರಡು ದಿನದೊಳಗೆ ಮುಚ್ಚಿಕೊಳ್ಳುತ್ತದೆ. ಒಳಗೆ ಸಿಕ್ಕಿಬಿದ್ದದ್ದು ಎರಡರಿಂದ ಐದು ದಿನದಲ್ಲಿ ಕೀವಾಗುತ್ತದೆ. ಹೀಗಾಗಿ ಜಗಳದ ರಾತ್ರಿ ಒಮ್ಮೆ ನೋಡಿ ಸುಮ್ಮನಾದರೆ ಏನೂ ನೋಡಿದಂತಲ್ಲ. ಐದು ದಿನ, ದಿನಕ್ಕೆರಡು ಬಾರಿ, ಕಣ್ಣಿನಿಂದಲ್ಲ, ಬೆರಳ ತುದಿಯಿಂದ ಮೈಯೆಲ್ಲ ತಡವಬೇಕು: ಕೆನ್ನೆ, ಮುಂಗಾಲು, ಬೆನ್ನು, ಬಾಲದ ಬುಡ.

ಪರೇಲ್‌ನ ಬಾಯಿ ಸಕರ್‌ಬಾಯಿ ಪ್ರಾಣಿ ಆಸ್ಪತ್ರೆಗೆ ಒಯ್ಯಿರಿ ಎಂದರು ಮೇಲಿನ ಮನೆಯವರು. ಆ ಮಳೆಯಲ್ಲಿ, ಹಳಿ ಮೇಲೆ ನೀರು ನಿಂತ ದಿನ, ಜ್ವರದ ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ಸೆಂಟ್ರಲ್ ಲೈನಿನ ಅಷ್ಟು ಉದ್ದಕ್ಕೆ ಹೋಗುವ ಧೈರ್ಯ ನನಗಿರಲಿಲ್ಲ. ರಿಕ್ಷಾ ಹಿಡಿದು ಊರಿನಲ್ಲೇ ಇರುವ ವೈದ್ಯೆಯ ಬಳಿಗೆ ಹೋದೆ. ಜ್ವರ 104.2 ಡಿಗ್ರಿ ಫ್ಯಾರನ್‌ಹೀಟ್. ಬೆಕ್ಕಿಗೆ 100.5ರಿಂದ 102.5ರವರೆಗೆ ಸಹಜ, ನಮ್ಮ ಲೆಕ್ಕ ಅದಕ್ಕೆ ಒಪ್ಪುವುದಿಲ್ಲ. ಗಾಯದ ಜಾಗ ನೋಡಿ ವೈದ್ಯೆ ನಕ್ಕರು. ಎದುರಿಸಿ ನಿಂತ ಬೆಕ್ಕಿಗೆ ಮುಖ, ಮುಂಗಾಲಿನಲ್ಲಿ ಕಚ್ಚು ಬೀಳುತ್ತದಂತೆ. ಬಾಲದ ಬುಡದಲ್ಲಿ ಬಿದ್ದರೆ ಓಡುತ್ತಿದ್ದ ಎಂದರ್ಥ. ನಮ್ಮ ವೀರನ ಗುಟ್ಟು ಬಯಲಾಯಿತು.

ಕೂದಲು ಬೋಳಿಸಿ, ಮಂಪರಿನ ಮದ್ದು ಕೊಟ್ಟು, ಊತದ ತಗ್ಗಿನ ಜಾಗದಲ್ಲಿ ಸಣ್ಣದಾಗಿ ಕೊಯ್ದರು. ಹರಿದದ್ದು ಹೆಸರುಬೇಳೆ ಬಣ್ಣದ ಕೀವು. ಅದರ ವಾಸನೆಯನ್ನು ಬರೆಯಲಾರೆ. ಸಲೈನ್ ಹಾಯಿಸಿ, ಹೊರಬರುವ ನೀರು ತಿಳಿಯಾಗುವವರೆಗೂ ತೊಳೆದರು. ಹೊಲಿಗೆ ಹಾಕುವುದಿಲ್ಲವೇ ಎಂದು ಕೇಳಿದೆ. ‘ಮುಚ್ಚಿದ್ದರಿಂದಲೇ ಅಲ್ಲವೇ ಇಷ್ಟೆಲ್ಲ ಆದದ್ದು?’ ಎಂದರು. ಶುಂಠಿಗೆ ಹಿಂದೆ ಲಸಿಕೆ ಆಗಿದ್ದರೂ ರೇಬೀಸಿನ ಇನ್ನೊಂದು ಡೋಸ್ ಅಂದೇ ಕೊಟ್ಟರು. ಏಳು ದಿನಕ್ಕೆ ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಎಂಬ ಆಂಟಿಬಯೋಟಿಕ್, ತೂಕ ನೋಡಿ ಅಳತೆ ಬರೆದ ನೋವಿನ ಔಷಧ.

ಮನೆಯ ಆರೈಕೆ ಎಂದರೆ ಗಾಯ ಬೇಗ ಮುಚ್ಚದಂತೆ ನೋಡಿಕೊಳ್ಳುವುದು. ಇದು ನಮ್ಮ ಬುದ್ಧಿಗೆ ಒಗ್ಗುವುದಿಲ್ಲ. ಹಕ್ಕಳೆ ಕಟ್ಟಿದರೆ ಗುಣವಾಯಿತೆಂದು ಹಿಗ್ಗುವ ಜನ ನಾವು. ಬೆಳಿಗ್ಗೆ, ಸಂಜೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಐದು ನಿಮಿಷ ಗಾಯದ ಮೇಲೆ ಹಿಡಿಯುತ್ತಿದ್ದೆ. ಹಕ್ಕಳೆ ನೆನೆದು ಬಿಡುತ್ತದೆ, ಒಳಗಿನದು ಇಳಿಯುತ್ತದೆ. ಆಮೇಲೆ ಸೂಜಿ ತೆಗೆದ 20 ಮಿ.ಲೀ. ಸಿರಿಂಜಿನಲ್ಲಿ ಸಲೈನ್. ಔಷಧದಂಗಡಿಯ ಬಾಟಲಿ ಮುಗಿದ ದಿನ ಅರ್ಧ ಲೀಟರ್ ಕುದಿಸಿ ಆರಿಸಿದ ನೀರಿಗೆ ಮಟ್ಟಸವಾಗಿ ಒಂದು ಟೀ ಚಮಚ ಉಪ್ಪು ಹಾಕಿಕೊಂಡೆ. ಪೊವಿಡೋನ್ ಅಯೋಡಿನ್ ಎಂಬ ಸೋಂಕುನಾಶಕ ಬಳಸುವುದಾದರೆ ಅದು ತಿಳಿ ಚಹಾದ ಬಣ್ಣಕ್ಕೆ ಬರುವಷ್ಟು ನೀರು ಬೆರೆಸಬೇಕು. ಮಡಿಲಲ್ಲಿ ಟವೆಲು ಸುತ್ತಿದ ಬೆಕ್ಕು, ಬಾಲ ಮಾತ್ರ ಹೊರಗೆ. ಯಜಮಾನರು ತಲೆಯ ಕಡೆ ಕುಳಿತು ಕ್ಷಮೆ ಕೇಳುತ್ತಿದ್ದರು.

ಸಲಹೆಗಳಿಗೇನೂ ಕಡಿಮೆಯಿರಲಿಲ್ಲ. ಡೆಟಾಲ್ ಎಂದರು, ಅದರಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕ ಬೆಕ್ಕಿಗೆ ವಿಷ, ನೆಕ್ಕಿದರಂತೂ ಇನ್ನೂ ಕೇಡು. ಮಳೆಗಾಲವಲ್ಲವೇ, ನೊಣ ಕುಳಿತು ಹುಳವಾದೀತು, ಟರ್ಪೆಂಟೈನ್ ಸುರಿಯಿರಿ ಎಂದರು ಒಬ್ಬರು. ನೊಣದ ಭಯ ನಿಜ. ಅದಕ್ಕೆ ಉತ್ತರ ಕಿಟಕಿಗೆ ಜಾಲರಿ ಮತ್ತು ಬೆಕ್ಕನ್ನು ಒಳಗಿಡುವುದು. ಊರಿನಿಂದ ಅಮ್ಮ ಫೋನಿನಲ್ಲಿ ಅರಿಶಿನ, ತೆಂಗಿನೆಣ್ಣೆ ಎಂದಳು. ಅರಿಶಿನದ ಮೇಲೆ ನನಗೆ ಗೌರವವಿದೆ, ಸಾರಿನಲ್ಲಿ. ಕೊಯ್ದ ಜಾಗದ ಮೇಲೆ ಗಟ್ಟಿ ಲೇಪ ಹಾಕಿದರೆ ಮತ್ತೆ ಬಾಗಿಲು ಮುಚ್ಚಿದಂತೆ. ಎಲ್ಲಕ್ಕಿಂತ ಅಪಾಯದ ಮಾತು, ಜ್ವರಕ್ಕೆ ಅರ್ಧ ಪ್ಯಾರಾಸಿಟಮಾಲ್ ಕೊಡಿ ಎಂಬುದು. ಬೆಕ್ಕಿನ ಯಕೃತ್ತು ಅದನ್ನು ಅರಗಿಸಲಾರದು. ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ, ಒಸಡು ಕಂದುಬಣ್ಣಕ್ಕೆ ತಿರುಗುತ್ತದೆ. ಅರ್ಧ ಮಾತ್ರೆ ಸಾಕು, ಬೆಕ್ಕು ಸಾಯಲು.

ನೆಕ್ಕುವುದನ್ನು ತಡೆಯಲು ಕೊರಳಿಗೆ ಶಂಕುವಿನಾಕಾರದ ಪಟ್ಟಿ ಬೇಕಿತ್ತು. ಅಂಗಡಿಯದು ದೊಡ್ಡದಾಯಿತು. ಯಜಮಾನರ ಮಂಡಿಯ ಹಳೆಯ ಎಕ್ಸ್‌ರೇ ಹಾಳೆಯನ್ನು ಕತ್ತರಿಸಿ, ಅಂಚಿಗೆ ಟೇಪು ಸುತ್ತಿ ಮಾಡಿದೆ; ಮೂಗಿಗಿಂತ ಎರಡು ಬೆರಳು ಮುಂದಕ್ಕಿದ್ದರೆ ಸರಿಯಾದ ಅಳತೆ. ನಾಲ್ಕು ದಿನ ಶುಂಠಿ ಒಂದು ಮಂಡಿಚಿಪ್ಪನ್ನು ಕೊರಳಿಗೆ ಕಟ್ಟಿಕೊಂಡು ಗೋಡೆಗೋಡೆಗೆ ಹಾಯುತ್ತ ಓಡಾಡಿದ. ಬಟ್ಟಲಿಗೆ ಬಾಯಿ ತಾಗದು ಎಂದು ಚಪ್ಪಟೆ ತಟ್ಟೆಯಲ್ಲಿ ಊಟ. ಮಲದ ತಟ್ಟೆಯ ಮರಳು ಗಾಯಕ್ಕೆ ಅಂಟುತ್ತಿದ್ದುದರಿಂದ ಪತ್ರಿಕೆ ಹರಿದು ಹಾಕಿದೆ. ಕನ್ನಡ ಪತ್ರಿಕೆ ಹರಿಯಲು ಮನಸ್ಸಾಗದೆ ಇಂಗ್ಲಿಷಿನದನ್ನೇ ಬಳಸಿದೆ.

ಊಟ ಬಿಟ್ಟ ಬೆಕ್ಕಿನ ವಿಷಯದಲ್ಲಿ ಕಾಯಬಾರದು. ಎರಡು ಮೂರು ದಿನ ಹೊಟ್ಟೆಗಿಲ್ಲದಿದ್ದರೆ ಯಕೃತ್ತಿನಲ್ಲಿ ಕೊಬ್ಬು ತುಂಬಿ ಹೊಸ ರೋಗವೇ ಶುರುವಾಗಬಹುದು. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಬೇಯಿಸಿದ ಬಂಗುಡೆಯ ಮುಳ್ಳು ತೆಗೆದು, ತುಸು ಬೆಚ್ಚಗೆ ಮಾಡಿ ಬೆರಳಿನಲ್ಲಿ ಮೂಗಿಗೆ ಹಚ್ಚಿದೆ. ಕೊಯ್ದ ದಿನದ ರಾತ್ರಿಯೇ ಬೆರಳು ನೆಕ್ಕಿದ. ಹತ್ತನೆಯ ದಿನಕ್ಕೆ ಗಾಯ ಒಳಗಿನಿಂದ ತುಂಬಿ ಬಂದು ತಿಳಿಗುಲಾಬಿ ಕಲೆಯಾಗಿತ್ತು.

ಕಚ್ಚಿನಿಂದ ಹರಡುವ ಎಫ್‌ಐವಿ ಎಂಬ ವೈರಸ್ ಇದೆ. ಮನುಷ್ಯರಿಗೆ ತಗಲುವುದಿಲ್ಲ, ಬೆಕ್ಕಿನ ರೋಗನಿರೋಧಕ ಶಕ್ತಿಯನ್ನು ಕುಂದಿಸುತ್ತದೆ. ತಕ್ಷಣ ಪರೀಕ್ಷಿಸಿದರೆ ಗೊತ್ತಾಗುವುದಿಲ್ಲ. ಎರಡು ತಿಂಗಳು ಬಿಟ್ಟು ಮಾಡಿಸಿದೆ, ಇಲ್ಲವೆಂದು ಬಂತು. ಅದಕ್ಕೂ ಮೊದಲೇ, ಆಗಸ್ಟ್ ಕೊನೆಯಲ್ಲಿ, ಮೂರು ವರ್ಷ ಮುಂದೂಡಿದ್ದ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಬಿಟ್ಟೆ. ಹಾರ್ಮೋನು ಇಳಿಯಲು ಕೆಲವು ವಾರ ಬೇಕು. ಈಗ ಟ್ಯಾಂಕಿನ ಸಭೆಗೆ ಕಿಟಕಿಯ ಸರಳಿನೊಳಗಿಂದಲೇ ಅರ್ಥ ಹೇಳುತ್ತಾನೆ.

ಬೋಕಾನಿಗೂ ಅದನ್ನೇ ಮಾಡಿಸೋಣವೆಂದು ಬೋನು ತಂದು ಮೆಟ್ಟಿಲ ಕೆಳಗೆ ಇಟ್ಟಿದ್ದೇನೆ, ಒಳಗೆ ಒಣಗಿದ ಬೊಂಬಿಲ್ ಮೀನು. ಇದುವರೆಗೆ ಎರಡು ಬಾರಿ ಬಾಗಿಲು ಬಿದ್ದಿದೆ. ಎರಡು ಬಾರಿಯೂ ಒಳಗಿದ್ದವನು ಶುಂಠಿ.