ಕರಟದ ಕಾಂಕ್ರೀಟ್ ಬ್ಲಾಕ್: ಕಲಸುವ ಮೊದಲು ನೆನೆಸಿ

ತಿಪಟೂರು, ಅರಸೀಕೆರೆ ಕಡೆ ಕೊಬ್ಬರಿ ಸುಲಿದ ಮೇಲೆ ಉಳಿಯುವ ಕರಟ ಒಲೆಗೋ ಇದ್ದಿಲಿಗೋ ಹೋಗುತ್ತದೆ. ಅದನ್ನೇ ಜಲ್ಲಿಯ ಬದಲು ಹಾಕಿ ಹಗುರವಾದ ಬ್ಲಾಕ್ ಮಾಡಿಕೊಳ್ಳಬಹುದು. ತೋಟದ ಕಾಲುದಾರಿಗೆ, ಕೊಟ್ಟಿಗೆಯ ಅಡ್ಡಗೋಡೆಗೆ ಚೆನ್ನಾಗಿ ಆಗುತ್ತದೆ.

ಮೊದಲು ಕರಟ ಆರಿಸಿ. ಒಳಗೆ ಕೊಬ್ಬರಿ ಚೂರು ಅಂಟಿರಬಾರದು, ಎಣ್ಣೆ ಇದ್ದಲ್ಲಿ ಸಿಮೆಂಟ್ ಹಿಡಿಯುವುದಿಲ್ಲ. ಹೊರಗಿನ ನಾರು ಕೆರೆದು ತೆಗೆಯಿರಿ. 12 ಮಿಲಿಮೀಟರ್ ಜರಡಿಯಲ್ಲಿ ಇಳಿಯುವಷ್ಟು ಚಿಕ್ಕದಾಗಿ ಕುಟ್ಟಿ. ಪುಡಿ ಬೇಡ.

ಇನ್ನು ನೆನೆಸುವುದು. ಕೆಲಸ ಕೆಡುವುದು ಇಲ್ಲೇ ಜಾಸ್ತಿ. ಒಣ ಕರಟ ಒಂದು ದಿನದಲ್ಲಿ ತನ್ನ ತೂಕದ ಸುಮಾರು ಕಾಲು ಭಾಗ ನೀರು ಕುಡಿಯುತ್ತದೆ. ಹಾಗೇ ಹಾಕಿದರೆ ಸಿಮೆಂಟಿಗೆ ಬೇಕಾದ ನೀರನ್ನೇ ಎಳೆದುಕೊಳ್ಳುತ್ತದೆ. ಮಿಶ್ರಣ ಬಿರುಸಾಯಿತು ಅಂತ ಮತ್ತೆ ನೀರು ಸುರಿದರೆ ಬ್ಲಾಕಿನ ಬಲವೇ ಹೋಗುತ್ತದೆ. ಅದಕ್ಕೇ 24 ಗಂಟೆ ನೆನೆಸಿ, ಬಸಿದು, ನೆರಳಲ್ಲಿ ಗೋಣಿಯ ಮೇಲೆ ಹರಡಿ. ಮೇಲೆ ಆರಿರಬೇಕು, ಒಳಗೆ ತೇವ ಇರಬೇಕು.

ಸಕ್ಕರೆ ಅಂಶ ಇನ್ನೊಂದು ತೊಂದರೆ. ಸಿಮೆಂಟ್ ಗಟ್ಟಿಯಾಗುವುದನ್ನು ಅದು ತಡೆಯುತ್ತದೆ. ಕಬ್ಬಿನ ಸಿಪ್ಪೆ, ಮರದ ಹೊಟ್ಟಿನಲ್ಲಿ ಈ ಕಾಟ ಜಾಸ್ತಿ, ಕರಟದಲ್ಲಿ ಕಮ್ಮಿ. ಆದರೂ ಪರೀಕ್ಷೆ ಮಾಡಿ, ಸುಲಭವಿದೆ. ಕರಟ ನೆನೆಸಿದ ನೀರಿನಲ್ಲಿ ಸ್ವಲ್ಪ ಸಿಮೆಂಟ್ ಕಲಸಿಡಿ, ಒಳ್ಳೆ ನೀರಿನಲ್ಲಿ ಇನ್ನೊಂದಿಷ್ಟು. ಮಾರನೇ ದಿನ ಎರಡನ್ನೂ ಮೊಳೆಯಿಂದ ಗೀರಿ ನೋಡಿ. ಮೊದಲನೆಯದು ಮೆತ್ತಗಿದ್ದರೆ ಕರಟವನ್ನು ಬಿಸಿನೀರಿನಲ್ಲಿ ತೊಳೆದು ಮತ್ತೆ ನೆನೆಸಿ. ನೆನೆಸಿದ ನೀರನ್ನು ಕಾಂಕ್ರೀಟ್ ಕಲಸಲು ಬಳಸಲೇಬೇಡಿ.

ಅಳತೆಗೆ ತಕ್ಕಡಿಯೇ ಬೇಕು. ಕರಟ ಹಗುರ, ಬಾಂಡ್ಲಿ ಲೆಕ್ಕ ತಪ್ಪುತ್ತದೆ. 50 ಕಿಲೊ ಸಿಮೆಂಟ್ ಮೂಟೆಗೆ 75 ಕಿಲೊ ಮರಳು, ನೆನೆಸಿ ಆರಿಸಿದ ಕರಟ 32 ಕಿಲೊ, ನೀರು 21 ಲೀಟರ್. ತಮಿಳುನಾಡಿನ ಎಸ್‌ಆರ್‌ಎಂ ವಿಶ್ವವಿದ್ಯಾಲಯದಲ್ಲಿ ಪರೀಕ್ಷಿಸಿದ ಹದಕ್ಕೆ ಇದು ಹತ್ತಿರ. ಮರಳು ಒದ್ದೆಯಿದ್ದರೆ ನೀರು ತುಸು ಕಡಿಮೆ ಮಾಡಿ. ಜಲ್ಲಿ ಕಾಂಕ್ರೀಟಿಗಿಂತ ಸಿಮೆಂಟ್ ಜಾಸ್ತಿ ಹಿಡಿಯುತ್ತದೆ, ಹಾಗಾಗಿ ಕರಟ ಪುಕ್ಕಟೆ ಸಿಕ್ಕರೂ ಖರ್ಚು ಲೆಕ್ಕ ಹಾಕಿಯೇ ಶುರು ಮಾಡಿ.

ಅಚ್ಚಿಗೆ ಎಣ್ಣೆ ಸವರಿ, ತುಂಬಿ, ಚೆನ್ನಾಗಿ ದಮ್ಮಸು ಮಾಡಿ. ಮಾರನೇ ದಿನ ಬಿಚ್ಚಿ, ಒದ್ದೆ ಗೋಣಿ ಹೊದಿಸಿ 14 ದಿನ ನೀರು ಹಾಕಿ. 16 ಇಂಚು ಉದ್ದ, 8 ಎತ್ತರ, 6 ದಪ್ಪದ ಬ್ಲಾಕ್ ಜಲ್ಲಿ ಕಾಂಕ್ರೀಟಿನಲ್ಲಿ ಸುಮಾರು 29 ಕಿಲೊ ತೂಗಿದರೆ, ಇದು 23ರ ಆಸುಪಾಸು. ಎತ್ತಿ ಕಟ್ಟುವವರಿಗೆ ದೊಡ್ಡ ಉಪಕಾರ ಅಲ್ವಾ?

28 ದಿನ ಕಳೆದ ಮೇಲೆ ಗೋಡೆಗೆ ಬಳಸಿ. ಕಂಬ, ತೊಲೆ, ತಾರಸಿಗೆ ಎಂಜಿನಿಯರ್ ಕೈಯಲ್ಲಿ ಪರೀಕ್ಷೆ ಮಾಡಿಸದೆ ಈ ಕಾಂಕ್ರೀಟ್ ಹಾಕಬೇಡಿ.