ಅಜ್ಜಾರ ಅರ್ಜಿ ಎರಡು ಸಲ ಬರೆದೆ

ನಾನು ಕೊಪ್ಪಳ ಕಡೆ ಹೈಸ್ಕೂಲ್ ಮಾಸ್ತರ, ಕಲಾವಿದ ಅಲ್ಲ. ಊರಲ್ಲಿ ಯಾರಿಗಾದ್ರೂ ಅರ್ಜಿ ತುಂಬೋದಿದ್ರೆ ನಮ್ಮನೆ ಕಟ್ಟೆಗೆ ಬರ್ತಾರೆ ಅಷ್ಟೆ. ಹಂಗೇ ಒಂದಿನ ತೊಗಲುಗೊಂಬೆ ಆಡಿಸೋ ಅಜ್ಜಾರೊಬ್ರು ಮೊಮ್ಮಗಳನ್ನ ಕರ್ಕೊಂಡು ಬಂದ್ರು. "ಗೊಂಬಿ ಕೆಲಸಕ್ಕ ರೊಕ್ಕ ಕೊಡ್ತಾರಂತಲ್ರೀ ಸರ, ಒಂದು ಅರ್ಜಿ ಗೀಚಿ ಕೊಡ್ರಿ."

ಗೀಚಿದ್ರೆ ಚೆನ್ನಾಗಿರ್ತಿತ್ತು, ನಾನು ಕೂತು ಬರೆದೆ. ನಶಿಸುತ್ತಿರುವ ಪುರಾತನ ಕಲೆ, ಸಾಂಸ್ಕೃತಿಕ ಅಸ್ಮಿತೆ ಅಂತೆಲ್ಲಾ ಎರಡು ಪುಟ, ಕೊನೆಗೆ ಬಡ ಕಲಾವಿದರ ಮೇಲೆ ದಯೆ ತೋರಬೇಕು ಅಂತ ಕೈಮುಗಿದಿದ್ದೂ ಆಯ್ತು. ಸ್ವಲ್ಪ ದಿನಕ್ಕೆ ಅರ್ಜಿ ಹಾಕಿದ್ದ ಕಡೆಯಿಂದ ಅಜ್ಜಾರಿಗೆ ಫೋನ್ ಬಂದಿದೆ, ನೀವೇನು ಮಾಡ್ಬೇಕು ಅಂತಿದೀರಿ ಹೇಳಿ ಅಂದಿದಾರೆ, ಇವರು "ಅದೇನ್ ಬರದಾರೋ ನಂಗೊತ್ತಿಲ್ರಿ, ನಮ್ಮ ಸರನ್ನ ಕೇಳ್ರಿ" ಅಂದ್ಬಿಟ್ಟಿದಾರೆ. ಅರ್ಜಿ ಕಥೆ ಅಲ್ಲಿಗೇ ಮುಗೀತು. ಮೊದ್ಲು ನಂಗೆ ಅವರ ಮೇಲೇ ಸಿಟ್ಟು ಬಂತು. ಆಮೇಲೆ ನಾನು ಬರೆದಿದ್ದನ್ನ ತೆಗೆದು ಓದಿದ್ರೆ, ಒಂದೇ ಒಂದು ಗೊಂಬೆ ಹೆಸರೂ ಇಲ್ಲ ಅದ್ರಲ್ಲಿ.

ಮುಂದಿನ ವರ್ಷ ಪೆನ್ನು ಮುಟ್ಟಲಿಲ್ಲ. ಅವರ ಮನೆಗೇ ಹೋಗಿ ಮೊಬೈಲಲ್ಲಿ ರೆಕಾರ್ಡಿಂಗ್ ಹಾಕಿ, ಪೆಟ್ಟಿಗೆ ತೆಗೀರಿ ಅಜ್ಜಾರ ಅಂದೆ. ಒಂದೊಂದೇ ಗೊಂಬೆ ತೆಗೆದ್ರು, ರಾಮ, ಹನುಮಂತ, ರಾವಣ, ತೊಗಲು ಒಣಗಿ ಹಪ್ಪಳ ಆಗಿದೆ, ಕೆಲವು ಬೆರಳು ತಾಗಿದ್ರೆ ಮುರೀತವೆ. ಇವನ್ನೇನ್ ಮಾಡ್ತೀರಿ ಅಂದ್ರೆ "ಪೂಜಿ ಮಾಡಿ ಹೊಳ್ಯಾಗ ಬಿಡ್ತೀವ್ರಿ, ಕಸಕ್ಕ ಒಗ್ಯಂಗಿಲ್ಲ." ಹಂಗಾದ್ರೆ ಇದರ ನಕ್ಷೆ? "ಅದೂ ಹೊಳಿಗೇ." ಬೆಳಕು ಹಾಯೋಕೆ ಸಣ್ಣ ಸಣ್ಣ ತೂತು ಹೊಡೀತಾರಲ್ಲ, ಕಿರೀಟಕ್ಕೆ ಒಂದು ಥರ, ಸೀರೆ ಸೆರಗಿಗೆ ಒಂದು ಥರ, ಆ ತೂತಿನ ಲೆಕ್ಕ ಈಗ ಅವರೊಬ್ರ ಕೈಯಲ್ಲೇ ಇರೋದು. ಅಷ್ಟರಲ್ಲಿ ಮೊಮ್ಮಗಳು ಮೆಲ್ಲಗೆ "ಹೊಳಿಗೆ ಬಿಡೋಕಿಂತ ಮದ್ಲ ಹಾಳಿ ಮ್ಯಾಲೆ ಇಟ್ಟು ಗೆರಿ ತಗೀಬೋದಲ್ಲ" ಅಂದ್ಲು. ನಮ್ಮ ಅರ್ಜಿ ಅದೇ ಆಯ್ತು ನೋಡಿ. ಹಳೇ ಗೊಂಬೆಗಳ ನಕ್ಷೆ ತೆಗೆಯೋದು, ಆ ನಕ್ಷೆ ಇಟ್ಕೊಂಡು ಆಡಿನ ತೊಗಲಲ್ಲಿ ಆರು ಹೊಸ ಗೊಂಬೆ ಮಾಡೋದು, ಉಳಿ ಹಿಡಿಯೋದನ್ನ ಹುಡುಗಿ ಕಲಿಯೋದು. ಅವರ ಮಾತನ್ನ ಹಂಗಂಗೇ ಇಳಿಸಿದೆ, "ರೀ" "ಐತಿ" ಏನೂ ತಿದ್ದಲಿಲ್ಲ.

ಎಲ್ಲಿಗೆ ಹಾಕೋದು ಅನ್ನೋದು ಇನ್ನೊಂದು ತಲೆನೋವು. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಧನಸಹಾಯದ ಅರ್ಜಿ ಸೇವಾಸಿಂಧು ಮೇಲೆ ಹೋಗುತ್ತೆ. ಕೇಂದ್ರ ಸಂಸ್ಕೃತಿ ಸಚಿವಾಲಯದ ಫೆಲೋಶಿಪ್ ಇದೆ, ಜೂನಿಯರ್‌ಗೆ ತಿಂಗಳಿಗೆ 10,000, ಸೀನಿಯರ್‌ಗೆ 20,000, ಎರಡು ವರ್ಷ, ಸೀನಿಯರ್ ಅಂದ್ರೆ 40 ದಾಟಿರಬೇಕು. ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ 1995ರಿಂದ ಅನುದಾನ ಕೊಡ್ತಿದೆ, ಕನ್ನಡದಲ್ಲೇ ಬರೆದು ಕಳಿಸಬಹುದು, ಇಂಗ್ಲಿಷ್ ಬರಲ್ಲ ಅಂತ ಹಿಂಜರಿಯೋರಿಗೆ ಇದನ್ನ ನಾನು ಹತ್ತು ಸಲ ಹೇಳ್ತೀನಿ. ಇನ್ನೊಂದು, ವಯಸ್ಸಾದ ಕಲಾವಿದರಿಗೆ ತಿಂಗಳು ತಿಂಗಳು ಬರೋ ಮಾಸಾಶನ ಬೇರೆ, ಈ ಅನುದಾನ ಬೇರೆ. ಮಾಸಾಶನ ಇಷ್ಟು ದಿನ ಮಾಡಿದ್ದಕ್ಕೆ, ಇಲ್ಲಿ ಇನ್ಮೇಲೆ ಏನು ಮಾಡ್ತೀರಿ ಅಂತ ಕೇಳ್ತಾರೆ.

ಆದ್ರೆ ಬರೆಯೋದಕ್ಕಿಂತ ಜಾಸ್ತಿ ದಿನ ತಿಂದಿದ್ದು ಕಾಗದಪತ್ರ. ಆಧಾರಲ್ಲಿ ಒಂದು ಹೆಸರು, ಪಾಸ್‌ಬುಕ್ಕಲ್ಲಿ ಇನ್ನೊಂದು, ಜಾತಿ ಪ್ರಮಾಣಪತ್ರದಲ್ಲಿ ಮತ್ತೊಂದು. ಅಕೌಂಟಲ್ಲಿ ಎರಡು ವರ್ಷದಿಂದ ವ್ಯವಹಾರನೇ ಇಲ್ಲ ಅಂತ ಅದೂ ಬಂದ್ ಆಗಿತ್ತು, ಕೆವೈಸಿ ಮಾಡ್ಸೋಕೆ ಮೂರು ಸಲ ಓಡಾಡಿದ್ವಿ. ಈಗ ಯಾರೇ ಬರ್ಲಿ, ಮೊದ್ಲು ಪಾಸ್‌ಬುಕ್ ತೋರ್ಸಿ ಅಂತೀನಿ, ಕಲೆ ವಿಷಯ ಆಮೇಲೆ.

ಬಜೆಟ್ ಬರೆಯೋವಾಗ ಜಗಳನೇ ಆಯ್ತು. ತೊಗಲು, ಬಣ್ಣ, ಉಳಿ, ಟ್ರೇಸಿಂಗ್ ಹಾಳೆ, ಬಸ್ ಚಾರ್ಜು ಎಲ್ಲಾ ಹೇಳಿದ್ರು, ತಮ್ಮ ಹೆಸರಲ್ಲಿ ಒಂದು ಪೈಸೆ ಹಾಕ್ಸಲಿಲ್ಲ. "ನಮ್ಮ ಮನಿ ಕೆಲಸಕ್ಕ ನಾನ ಪಗಾರ ತಗೋಬೇಕೇನ್ರಿ?" ಅಂತಾರೆ. ಗಾರೆ ಕೆಲಸದೋರಿಗೆ ದಿನಕ್ಕೆಷ್ಟು ಕೊಡ್ತೀರಿ ಅಂದೆ, ಹೇಳಿದ್ರು. ನಿಮ್ಮದೇನು ಅದಕ್ಕಿಂತ ಕಮ್ಮಿ ಕೆಲಸನಾ ಅಂದ್ಮೇಲೆ ಸುಮ್ಮನಾದ್ರು. ಅದೇ ದರದಲ್ಲಿ ದಿನ ಎಣಿಸಿ ಹಾಕಿದ್ವಿ. ತೊಗಲಿಗಂತೂ ಬಿಲ್ ಎಲ್ಲಿಂದ ತರೋದು, ಊರಲ್ಲೇ ಕೈಯಿಂದ ಕೈಗೆ ಕೊಳ್ಳೋ ವಸ್ತು. ಅದಕ್ಕೇ ಕೈ ವೋಚರ್, ಅಂದ್ರೆ ಬಿಲ್ ಬದಲು ದುಡ್ಡು ತಗೊಂಡೋರೇ ಸಹಿ ಹಾಕಿ ಕೊಡೋ ಚೀಟಿ, ನಡೆಯುತ್ತಾ ಅಂತ ಮೊದಲೇ ಕೇಳ್ಕೊಂಡ್ವಿ, 5,000 ದಾಟಿದ್ರೆ ಒಂದು ರೂಪಾಯಿ ರೆವಿನ್ಯೂ ಸ್ಟ್ಯಾಂಪ್ ಹಚ್ಚಿ ಸಹಿ. ಇದನ್ನ ದುಡ್ಡು ಬಂದ್ಮೇಲೆ ಕೇಳೋಕೆ ಹೋದ್ರೆ ಕೊಟ್ಟ ದುಡ್ಡು ಹೆಂಗೆ ಖರ್ಚಾಯ್ತು ಅಂತ ಬಳಕೆ ಪ್ರಮಾಣಪತ್ರ ಕೊಡೋವಾಗ ಕಣ್ಣಲ್ಲಿ ನೀರು ಬರುತ್ತೆ.

ಈ ಸಲ ಫೋನ್ ಬಂದಾಗ ನಾನೂ ಅಲ್ಲೇ ಇದ್ದೆ. ನಡುವೆ ಬಾಯಿ ಹಾಕ್ಬಾರ್ದು ಅಂತ ಎದ್ದು ಹೋಟ್ಲಿಗೆ ಹೋಗಿ ಚಾ ಕುಡಿದು ವಾಪಸ್ ಬಂದೆ, ಅಜ್ಜಾರು ಇನ್ನೂ ಮಾತಾಡ್ತಾನೇ ಇದ್ರು, ರಾವಣನ ಹತ್ತು ತಲೆಗೆ ತೂತು ಹೆಂಗೆ ಹೊಡೀಬೇಕು ಅಂತ.

ಕೇಳಿದ್ದಕ್ಕಿಂತ ಕಮ್ಮಿನೇ ಸಿಕ್ತು. ಆರು ಗೊಂಬೆ ನಾಲ್ಕಕ್ಕಿಳಿಸಿದ್ವಿ, ಅಜ್ಜಾರ ಕೂಲಿ ಮಾತ್ರ ಕಮ್ಮಿ ಮಾಡೋಕೆ ನಾನು ಬಿಡ್ಲಿಲ್ಲ. ವೋಚರ್ ಎಲ್ಲಾ ಈಗ ಮೊಮ್ಮಗಳೇ ಬರೀತಾಳೆ, ಹೋದ ವಾರ ಅಜ್ಜಾರು ಬಣ್ಣದ ಚೀಟಿ ಕಳ್ಕೊಂಡು ಬಂದ್ರು ಅಂತ ಅವರಿಗೇ ಬೈದ್ಲಂತೆ.