ಹಸಿ ಕಡಲೆಕಾಯಿ ಸುಡೋಣ ಬನ್ನಿ: ಬೆಳದಿಂಗಳ ಸಂಜೆಯೊಂದನ್ನು ಹೊಂದಿಸುವ ಬಗೆ

ಆಯುಧಪೂಜೆಗೆ ಒಡೆದ ಬೂದುಗುಂಬಳಕಾಯಿ ರಸ್ತೆಯಲ್ಲಿ ಒಣಗುವ ಹೊತ್ತಿಗೆ ತುಮಕೂರಿನ ಬಸ್ ಸ್ಟ್ಯಾಂಡು, ಸಂತೆ, ಸರ್ಕಲ್ಲುಗಳಲ್ಲಿ ಹಸಿ ಕಡಲೆಕಾಯಿಯ ತಳ್ಳುಗಾಡಿಗಳು ಬಂದು ನಿಂತಿರುತ್ತವೆ. ಪಾವಗಡ, ಶಿರಾ, ಮಧುಗಿರಿ ಕಡೆ ಜೂನ್-ಜುಲೈನಲ್ಲಿ ಬಿತ್ತಿದ ಕಾಯಿ ಕೀಳುವ ಕಾಲ ಇದು. ಮಳೆ ಹಿಂದೆ ಸರಿಯುತ್ತಿರುತ್ತದೆ. ಚಳಿ ಇನ್ನೂ ಜೋರಾಗಿರುವುದಿಲ್ಲ. ಹಬ್ಬಕ್ಕೆ ಬಂದ ನೆಂಟರು ಒಬ್ಬಿಬ್ಬರಾದರೂ ಊರಲ್ಲೇ ಇರುತ್ತಾರೆ. ಮನೆಮಂದಿ, ಸ್ನೇಹಿತರು ಒಂದು ಸಂಜೆ ಒಟ್ಟಿಗೆ ಕೂರಲು ಇಷ್ಟು ಸಾಕು.

ಕಡಲೆಕಾಯಿಯನ್ನೇ ಯಾಕೆ ಹೇಳುತ್ತಿದ್ದೇನೆ ಅಂದರೆ, ಅದನ್ನು ಗಬಗಬ ತಿಂದು ಎದ್ದು ಹೋಗಲು ಆಗುವುದಿಲ್ಲ. ಒಂದೊಂದೇ ಬಿಡಿಸಬೇಕು. ಎರಡೂ ಕೈಗೆ ಕೆಲಸ. ಸುಟ್ಟ ಕಾಯಿ ಆದರಂತೂ ಬೆರಳೆಲ್ಲ ಮಸಿ. ಆ ಕೈಯಲ್ಲಿ ಮೊಬೈಲ್ ಮುಟ್ಟಲು ಯಾರಿಗೂ ಮನಸ್ಸು ಬರುವುದಿಲ್ಲ. ಕೈಗೆ ಕೆಲಸ ಸಿಕ್ಕಿತು ಅಂದರೆ ಮಾತು ತಾನಾಗಿ ಶುರುವಾಗುತ್ತದೆ. ವರ್ಷವೆಲ್ಲ 'ಹ್ಞೂಂ', 'ಹ್ಞಾಂ' ಬಿಟ್ಟು ಬೇರೆ ಮಾತಾಡದ ಮಾವ, ಅಳಿಯ ಕೂಡ ಒಂದೇ ಮೊರದ ಆಚೆ ಈಚೆ ಕೂತು ಮಳೆ, ಬೆಲೆ, ಬೋರ್‌ವೆಲ್ ಅಂತ ಹರಟೆಗೆ ಇಳಿಯುತ್ತಾರೆ.

ದಿನ ಗೊತ್ತುಮಾಡುವುದು

ಕ್ಯಾಲೆಂಡರ್‌ನಲ್ಲಿ ಎರಡು ಹುಣ್ಣಿಮೆ ಗುರುತು ಹಾಕಿಕೊಳ್ಳಿ. ಒಂದು ದಸರಾ ಆದ ಮೇಲೆ ಬರುವ ಆಶ್ವಯುಜದ ಹುಣ್ಣಿಮೆ, ಇನ್ನೊಂದು ದೀಪಾವಳಿ ಆದ ಮೇಲಿನ ಕಾರ್ತಿಕದ್ದು. ಎರಡು ಯಾಕೆ ಅಂದರೆ ಮೊದಲನೆಯದನ್ನು ನಂಬುವಂತಿಲ್ಲ. ಆಗ ಚಿತ್ತೆ ಮಳೆಯ ಆಸುಪಾಸು. 'ಕುರುಡು ಚಿತ್ತೆ ಎರಚಿದತ್ತ ಬೆಳೆ' ಅಂತ ಹಿರಿಯರು ಸುಮ್ನೆ ಹೇಳಿಲ್ಲ. ಪಕ್ಕದ ಹೊಲದಲ್ಲಿ ಸುರಿದು ನಿಮ್ಮಲ್ಲಿ ಹನಿಯೂ ಬೀಳದಿರಬಹುದು, ಇಲ್ಲವೇ ಹಚ್ಚಿದ ಬೆಂಕಿಯ ಮೇಲೆಯೇ ಸುರಿಯಬಹುದು. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಸುದ್ದಿ ಬಂದರೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಕಡೆ ಜಿಟಿಜಿಟಿ ಹಿಡಿಯಬಹುದು. ಹಾಗಾದರೆ ಬೇಜಾರಿಲ್ಲದೆ ಮುಂದಿನ ಹುಣ್ಣಿಮೆಗೆ ಹಾಕಿ. ಆಗ ಚಳಿಯೂ ಸ್ವಲ್ಪ ಸೇರಿಕೊಳ್ಳುತ್ತದೆ, ಬೆಂಕಿಯ ಪಕ್ಕ ಕೂರಲು ಹಿತ.

ಹುಣ್ಣಿಮೆಯ ದಿನವೇ ಆಗಬೇಕೆಂದಿಲ್ಲ, ಅದರ ಹತ್ತಿರದ ಶನಿವಾರವಾದರೂ ಆದೀತು. ಒಂದು ಲೆಕ್ಕ ಮಾತ್ರ ನೆನಪಿರಲಿ. ಹುಣ್ಣಿಮೆಯಂದು ಸೂರ್ಯ ಮುಳುಗುವ ಹೊತ್ತಿಗೆ, ಅಂದರೆ ನಮ್ಮ ಕಡೆ ಸಂಜೆ 6ರ ಸುಮಾರಿಗೆ, ಚಂದ್ರ ಹುಟ್ಟುತ್ತಾನೆ. ಆಮೇಲೆ ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ತಡ. ಹುಣ್ಣಿಮೆಗೆ ಎರಡು ದಿನ ಮುಂಚೆ ಆದರೆ ಕತ್ತಲಾಗುವ ಮೊದಲೇ ಚಂದ್ರ ಮೇಲಿರುತ್ತಾನೆ, ತೊಂದರೆ ಇಲ್ಲ. ನಾಲ್ಕು ದಿನ ಕಳೆದು ಇಟ್ಟುಕೊಂಡರೆ ಮಕ್ಕಳು ತೂಕಡಿಸುವ ಹೊತ್ತಿಗೆ ಬೆಳದಿಂಗಳು ಬರುತ್ತದೆ.

ಜಾಗ

ಯಾರಾದರೂ ಪರಿಚಯದವರ ಹೊಲ, ತೋಟ ಇದ್ದರೆ ಅದಕ್ಕಿಂತ ಬೇರೆ ಬೇಡ. ಕಾಯಿ ಕಿತ್ತು ಖಾಲಿಯಾದ ಹೊಲ, ಸುತ್ತ ಹತ್ತು ಹೆಜ್ಜೆ ಬರಿಯ ಮಣ್ಣು, ತಲೆಯ ಮೇಲೆ ಕರೆಂಟ್ ವೈರ್ ಇಲ್ಲ, ಹತ್ತಿರ ಹುಲ್ಲಿನ ಮೆದೆ ಇಲ್ಲ, ನಿಂತ ರಾಗಿ ಇಲ್ಲ. ಇವಿಷ್ಟನ್ನು ಬೆಳಕಿರುವಾಗಲೇ ನೋಡಿಕೊಳ್ಳಿ. ದೇವರಾಯನದುರ್ಗದ ಕಡೆ ಹೋಗೋಣ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಹೋಗಿ, ನಾಮದ ಚಿಲುಮೆ ನೋಡಿ ಬನ್ನಿ, ಆದರೆ ಕಾಡಿನ ಅಂಚಿನಲ್ಲಿ ಬೆಂಕಿಯ ಮಾತೇ ಬೇಡ.

ಹೊಲ ಇಲ್ಲದವರಿಗೆ ತಾರಸಿ ಇದೆಯಲ್ಲ. ಅಲ್ಲಿ ಬೆಂಕಿ ಹಾಕಬೇಡಿ, ಬೇಯಿಸಿದ ಕಾಯಿ ಇಟ್ಟುಕೊಳ್ಳಿ. ಟ್ಯೂಬ್‌ಲೈಟ್ ಆರಿಸಿದರೆ ತುಮಕೂರು ಪೇಟೆಯ ಮಧ್ಯೆಯೂ ಬೆಳದಿಂಗಳು ಕಾಣುತ್ತದೆ.

ಕಾಯಿ ಆರಿಸುವುದು

ತಲೆಗೆ ಅರ್ಧ ಕೆಜಿ ಲೆಕ್ಕ ಹಾಕಿ. ಜಾಸ್ತಿ ಅನ್ನಿಸುತ್ತದೆ, ಆದರೆ ಹಸಿ ಕಾಯಿಯಲ್ಲಿ ಸಿಪ್ಪೆ, ನೀರು, ಮಣ್ಣು ಎಲ್ಲದರ ತೂಕವೂ ಇದೆ. ಫಳಫಳ ತೊಳೆದಿಟ್ಟ ಕಾಯಿಗಿಂತ ಮಣ್ಣು ಮೆತ್ತಿದ ಕಾಯಿ ಒಳ್ಳೆಯದು. ನಮ್ಮ ಬೀದಿಗೆ ಕಾಯಿ ತರುವ ಅಮ್ಮ ಇದನ್ನೇ ಹೇಳುತ್ತಾರೆ: "ಮಣ್ಣಿದ್ರೇನೆ ಹೊಸ ಕಾಯಿ ಕಣಣ್ಣ. ತೊಳೆದಿರೋದು ಯಾವಾಗ ಕಿತ್ತಿದ್ದೋ ಯಾರಿಗ್ ಗೊತ್ತು?"

ಒಂದು ಕಾಯಿ ಬಿಡಿಸಿ ಸಿಪ್ಪೆಯ ಒಳಮೈ ನೋಡಿ. ಬೆಳ್ಳಗಿದ್ದರೆ ಎಳಸು. ಅಲ್ಲಲ್ಲಿ ಕಂದು, ಕಪ್ಪು ಛಾಯೆ ಇದ್ದರೆ ಬಲಿತಿದೆ. ಸುಡಲು ಬಲಿತದ್ದೇ ಬೇಕು. ಬೇಯಿಸಲು ಸ್ವಲ್ಪ ಎಳಸು ಸೇರಿದ್ದರೂ ನಡೆಯುತ್ತದೆ, ಅದರ ಸಿಹಿಯೇ ಬೇರೆ. ಹಿಂಡಿದಾಗ ಪುಸಕ್ ಅನ್ನುವುದು ಜೊಳ್ಳು. ಬೀಜದ ಮೇಲೆ ಹಸಿರು, ಹಳದಿ ಬೂಷ್ಟು ಕಂಡರೆ ಇಲ್ಲವೇ ಮುಗ್ಗಲು ವಾಸನೆ ಬಂದರೆ ಆ ಕಾಯಿಯನ್ನು ಎಸೆದುಬಿಡಿ. ಈ ಬೂಷ್ಟಿನಿಂದ ಅಫ್ಲಟಾಕ್ಸಿನ್ ಎನ್ನುವ ವಿಷ ಹುಟ್ಟುತ್ತದೆ. ಅದು ಲಿವರ್‌ಗೆ ಕೆಟ್ಟದ್ದು, ಬೇಯಿಸಿದರೂ ಸುಟ್ಟರೂ ಪೂರ್ತಿ ಹೋಗುವುದಿಲ್ಲ. 'ಕಾದರೆ ಸರಿಹೋಗುತ್ತೆ ಬಿಡು' ಅನ್ನುವ ಮಾತನ್ನು ಇಲ್ಲಿ ಕೇಳಬೇಡಿ.

ಹೊಲದವರ ಒಪ್ಪಿಗೆ ಇದ್ದರೆ ಅಂಗಡಿಯ ಕಾಯಿಗಿಂತ ಮಜಾ ಇನ್ನೊಂದಿದೆ: ಹಕ್ಕಲು ಆಯುವುದು. ಗಿಡ ಕಿತ್ತಾಗ ಒಂದಷ್ಟು ಕಾಯಿ ಮಣ್ಣಲ್ಲೇ ಉಳಿದಿರುತ್ತದೆ. ಒಂದು ಹದ ಮಳೆ ಬಿದ್ದು ನೆಲ ಮೆತ್ತಗಾಗಿದ್ದರೆ ಒಂದು ಕಡ್ಡಿಯಲ್ಲಿ ಕೆದಕಿದರೂ ಸಿಗುತ್ತದೆ. ಸಂಜೆ 4ಕ್ಕೆ ಮಕ್ಕಳ ಕೈಗೆ ಒಂದೊಂದು ಚೀಲ ಕೊಟ್ಟು ಬಿಟ್ಟರೆ ಕತ್ತಲಾಗುವವರೆಗೆ ಅವರ ಚಿಂತೆ ಇಲ್ಲ. ಕೂಲಿಯವರು, ಊರ ಬಡವರು ಹಕ್ಕಲು ಆಯುವ ಹೊಲವಾದರೆ ಮಾತ್ರ ಹೋಗಬೇಡಿ. ಅದು ಅವರ ಪಾಲು.

ಕೀಳದ ಗಿಡ ಎರಡು ಉಳಿದಿದ್ದರೆ ಬೇರುಸಮೇತ ಕಿತ್ತು ಮಕ್ಕಳಿಗೆ ತೋರಿಸಿ. ಹಳದಿ ಹೂವು ಅರಳುವುದು ಮೇಲೆ, ಕಾಯಿ ಆಗುವುದು ಕೆಳಗೆ. ಹೂವು ಬಾಡಿದ ಮೇಲೆ ಅದರ ಬುಡದಿಂದ ಸೂಜಿಯಂಥ ಎಳೆಯೊಂದು ಹೊರಟು ನೆಲಕ್ಕೆ ಇಳಿಯುತ್ತದೆ. ಮಣ್ಣೊಳಗೆ ಹೊಕ್ಕ ಅದರ ತುದಿಯೇ ಕಾಯಿ. ಇನ್ನೂ ನೆಲ ಮುಟ್ಟದೆ ನೇತಾಡುವ ಎಳೆಗಳೂ ಗಿಡದಲ್ಲಿ ಸಿಗುತ್ತವೆ. ಬೇರನ್ನು ಹತ್ತಿರ ಹಿಡಿದರೆ ಸಣ್ಣ ಸಣ್ಣ ಗಂಟುಗಳು ಕಾಣುತ್ತವೆ. ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುವ ಬ್ಯಾಕ್ಟೀರಿಯಾ ಇರುವುದು ಅದರೊಳಗೆ. ಪುಸ್ತಕದಲ್ಲಿ ಬಾಯಿಪಾಠ ಮಾಡಿದ್ದನ್ನು ಮಕ್ಕಳು ಕೈಯಲ್ಲಿ ಹಿಡಿದು ನೋಡುವುದು ಹೀಗೆ.

ಸುಡುವುದು

ಬೆಂಕಿ ಒಬ್ಬರ ಕೈಯಲ್ಲಿರಲಿ. ಪ್ರತಿ ಗುಂಪಿನಲ್ಲೂ 'ನಂಗೆ ಗೊತ್ತು ಸರಿಯಿರಿ' ಅನ್ನುವ ಚಿಕ್ಕಪ್ಪ ಇಬ್ಬರಾದರೂ ಇರುತ್ತಾರೆ, ಒಬ್ಬರನ್ನು ಆರಿಸಿ, ಇನ್ನೊಬ್ಬರಿಗೆ ನೀರಿನ ಬಿಂದಿಗೆ ಒಪ್ಪಿಸಿ. ಸೀರೆಯ ಸೆರಗು, ದುಪಟ್ಟಾ ಬಿಗಿಯಾಗಿ ಕಟ್ಟಿರಲಿ.

ನಮ್ಮ ಜಿಲ್ಲೆಯಲ್ಲಿ ಒಣಗಿದ ತೆಂಗಿನ ಗರಿಗೆ ಬರವಿಲ್ಲ. ಕಡಲೆಕಾಯಿಗೆ ಬೇಕಾದದ್ದೂ ಅದೇ, ಭಗ್ಗೆಂದು ಹತ್ತಿ ಬೇಗ ಇಳಿಯುವ ಬೆಂಕಿ. ಸೌದೆಯ ಕೆಂಡದಲ್ಲಿ ಹಾಕಿದರೆ ಸಿಪ್ಪೆ ಕರಕಲಾಗಿ ಬೀಜ ಹಸಿಯಾಗೇ ಉಳಿಯುತ್ತದೆ. ಕೋಲಾರ, ಚಿಂತಾಮಣಿ ಕಡೆಯವರು ಹೋದ ವರ್ಷದ ತೊಗರಿ ಕಡ್ಡಿ ಬಳಸಬಹುದು. ಕಡಲೆಬಳ್ಳಿಯನ್ನು ಮಾತ್ರ ಸುಡಬೇಡಿ. ಅದು ದನಗಳಿಗೆ ಒಳ್ಳೆಯ ಮೇವು, ಹೊಲದವರು ಬಾಯಿಬಿಟ್ಟು ಹೇಳದಿದ್ದರೂ ಒಳಗೊಳಗೇ ಬೇಜಾರು ಮಾಡಿಕೊಳ್ಳುತ್ತಾರೆ.

ಗರಿಯನ್ನು ಮುರಿದು ಒಂದು ಪದರ ಹಾಸಿ. ಅದರ ಮೇಲೆ ಕಾಯಿಯನ್ನು ಒಂದೇ ಪದರವಾಗಿ ಹರಡಿ, ಗುಡ್ಡೆ ಹಾಕಬೇಡಿ. ಮೇಲೆ ಇನ್ನೊಂದು ಪದರ ಗರಿ. ಗಾಳಿ ಬರುವ ಕಡೆಯಿಂದ ಹಚ್ಚಿ, ಜನ ಅದೇ ಕಡೆ ನಿಲ್ಲಲಿ, ಹೊಗೆ ಕಣ್ಣಿಗೆ ಬರುವುದಿಲ್ಲ. ಐದಾರು ನಿಮಿಷದಲ್ಲಿ ಉರಿ ಇಳಿಯುತ್ತದೆ. ಉದ್ದನೆಯ ಹಸಿ ಕೋಲಿನಿಂದ ಕಾಯಿ ತಿರುಗಿಸಿ, ಮತ್ತೆ ಸ್ವಲ್ಪ ಗರಿ ಹಾಕಿ ಇನ್ನೊಮ್ಮೆ ಉರಿಸಿ. ಪಟಪಟ ಸದ್ದು ಕೇಳತೊಡಗಿದರೆ ಒಳಗಿನ ನೀರು ಆವಿಯಾಗುತ್ತಿದೆ ಅಂತ ಅರ್ಥ. ಉರಿ ಪೂರ್ತಿ ಇಳಿದ ಮೇಲೆ ಬಿಸಿ ಬೂದಿಯನ್ನೇ ಕಾಯಿಯ ಮೇಲೆ ಎಳೆದು ಹತ್ತು ನಿಮಿಷ ಬಿಡಿ. ಎಲ್ಲರೂ ತಪ್ಪುವುದು ಇಲ್ಲೇ. ತಾಳ್ಮೆ ಇಲ್ಲದೆ ಆಗಲೇ ಕೈ ಹಾಕುತ್ತಾರೆ. ಬೂದಿಯ ಕಾವಿನಲ್ಲೇ ಬೀಜ ಒಳಗೆ ಬೇಯುವುದು.

ಒಂದು ತೆಗೆದು ನೋಡಿ. ಸಿಪ್ಪೆ ಕಪ್ಪಗಾಗಿ, ಬೀಜದ ಗುಲಾಬಿ ಪೊರೆ ಸುಕ್ಕಾಗಿ, ಕಚ್ಚಿದರೆ ಮೆತ್ತಗೆ, ಹೊಗೆಯ ಘಮಲಿನೊಂದಿಗೆ ಸಿಹಿ ಬಂದರೆ ಆಯಿತು. ಮೊರಕ್ಕೆ ಸುರಿದು ಕೇರಿ, ಬೂದಿ ಹಾರಿಹೋಗುತ್ತದೆ.

ಬೇಯಿಸುವುದು

ಇದು ಸುಲಭ. ಮಣ್ಣು ಬಿಡುವ ತನಕ ಮೂರ್ನಾಲ್ಕು ನೀರಿನಲ್ಲಿ ತೊಳೆಯಿರಿ. ಮುಳುಗುವಷ್ಟು ನೀರು, ಕೆಜಿಗೆ ಒಂದು ಹಿಡಿ ಕಲ್ಲುಪ್ಪು. ನೀರು ಸಾರಿಗಿಂತ ಉಪ್ಪುಪ್ಪಾಗಿರಬೇಕು, ಸಿಪ್ಪೆ ದಾಟಿ ಒಳಗೆ ಹೋಗುವುದು ಸ್ವಲ್ಪವೇ ಅಲ್ವಾ. ಕುಕ್ಕರ್‌ನಲ್ಲಿ ಮೂರ್ನಾಲ್ಕು ಕೂಗು, ಪಾತ್ರೆಯಲ್ಲಾದರೆ ಮುಕ್ಕಾಲು ಗಂಟೆ. ಕಾಯಿ ತೇಲುವುದರಿಂದ ಮೇಲೊಂದು ತಟ್ಟೆ ಮುಚ್ಚಿ. ಒಲೆ ಆರಿಸಿದ ಮೇಲೆ ಅದೇ ನೀರಲ್ಲಿ ಅರ್ಧ ಗಂಟೆ ಬಿಟ್ಟರೆ ಉಪ್ಪು ಹಿಡಿಯುತ್ತದೆ.

ಜೊತೆಗೆ ಏನು

ಕಡಿಮೆ ಇರಲಿ. ಅಡುಗೆಮನೆಯಲ್ಲಿ ಮಧ್ಯಾಹ್ನದಿಂದ ಬೆಂದ ಹೆಣ್ಣುಮಕ್ಕಳು ಸಂಜೆ ಹೊತ್ತಿಗೆ ಸುಸ್ತಾಗಿ ಕೂತರೆ ಈ ಸಂಜೆ ಯಾರಿಗಾಗಿ? ಒಂದು ಪಾತ್ರೆ ಮೊಸರನ್ನ, ಉಪ್ಪಿನಕಾಯಿ, ಬೆಲ್ಲದ ಅಚ್ಚು, ಎರಡು ಹೋಳು ತಿಪಟೂರು ಕೊಬ್ಬರಿ, ಉಪ್ಪು-ಖಾರ ಸವರಿದ ಸೀಬೆಹಣ್ಣು, ಕುಡಿಯುವ ನೀರು. ಕಡಲೆಕಾಯಿಗೆ ಬೆಲ್ಲ ಕಚ್ಚಿಕೊಳ್ಳದಿದ್ದರೆ ಪಿತ್ತ ಅಂತ ಅಜ್ಜಿಯಂದಿರು ಹೇಳುತ್ತಾರೆ. ಪಿತ್ತದ ವಿಷಯ ಅವರಿಗೇ ಬಿಟ್ಟಿದ್ದು, ರುಚಿಯ ವಿಷಯದಲ್ಲಿ ಅವರು ಹೇಳುವುದು ಸರಿ. ಬ್ಲೂಟೂತ್ ಸ್ಪೀಕರ್ ಮನೆಯಲ್ಲೇ ಇರಲಿ.

ನಾಲ್ಕೈದು ವರ್ಷದೊಳಗಿನ ಮಕ್ಕಳಿಗೆ ಇಡೀ ಬೀಜ ಕೊಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಚೆನ್ನಾಗಿ ಜಜ್ಜಿ ಕೊಡಿ. ಕಡಲೆಬೀಜ ಆಗದವರು ಯಾರಾದರೂ ಇದ್ದಾರಾ ಅಂತ ಮೊದಲೇ ಕೇಳಿಕೊಳ್ಳಿ. ಹೊಲದಲ್ಲಿ ಓಡಾಡುವಾಗ ಕಾಲಿಗೆ ಶೂ, ಕೈಯಲ್ಲಿ ಟಾರ್ಚ್ ಇರಲೇಬೇಕು. ಇಲಿ ಇರುವ ಕಡೆ ಕೊಳಕುಮಂಡಲ ಹಾವೂ ಇರುತ್ತದೆ. ಕಚ್ಚಿದರೆ ನಾಟಿ ಔಷಧ, ಮಂತ್ರ ಅಂತ ಹೊತ್ತು ಕಳೆಯದೆ 108ಕ್ಕೆ ಫೋನ್ ಮಾಡಿ ಆಸ್ಪತ್ರೆಗೆ ಹೋಗಬೇಕು.

ಹೊತ್ತು ಹೋಗುವುದು

ಕಾರ್ಯಕ್ರಮ ಪಟ್ಟಿ ಮಾಡಬೇಡಿ. ಕಡಲೆಬೀಜ ಕೈಯಲ್ಲಿದ್ದರೆ ಸರಿ-ಬೆಸ ಆಟ ತಾನಾಗಿ ಬರುತ್ತದೆ. ಮುಷ್ಟಿಯಲ್ಲಿ ಬೀಜ ಹಿಡಿದು "ಸರಿಯೋ ಬೆಸವೋ" ಅಂತ ಕೇಳುವುದು, ಸರಿಯಾಗಿ ಹೇಳಿದವರು ಬೀಜ ಗೆಲ್ಲುವುದು. ಗೆದ್ದಿದ್ದನ್ನು ಆಡುತ್ತಲೇ ತಿಂದುಬಿಡುವ ಮಕ್ಕಳು ಲೆಕ್ಕ ತಪ್ಪಿಸುತ್ತಾರೆ, ಅದರಲ್ಲೇ ಜಗಳ, ಅದರಲ್ಲೇ ನಗು. ಆಮೇಲೆ ಅಜ್ಜಿಯನ್ನು ಒಗಟಿಗೆ ಎಳೆಯಿರಿ. 'ಬಿಳಿ ಕುದುರೆಗೆ ಹಸಿರು ಬಾಲ' ಅಂದರೆ ಮೂಲಂಗಿ ಅಂತ ಇವತ್ತಿನ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ.

ಆಕಾಶದ ಕಡೆಯೂ ಒಮ್ಮೆ ತೋರಿಸಿ. ಕಾರ್ತಿಕ ಹುಣ್ಣಿಮೆಯ ಚಂದ್ರ ಕೃತ್ತಿಕಾ ನಕ್ಷತ್ರಗಳ ಹತ್ತಿರ ಇರುತ್ತಾನೆ, ತಿಂಗಳಿಗೆ ಆ ಹೆಸರು ಬಂದದ್ದೇ ಅದರಿಂದ. ಇದೇ ಕಾರ್ತಿಕದ ಕೊನೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕಾಯಿಯೂ ಅಲ್ಲಿಗೆ ಹೋಗುತ್ತದೆ. ಗುಂಪಿನಲ್ಲಿ ಯಾರಿಗಾದರೂ ಇಷ್ಟಕ್ಕೇ ತೃಪ್ತಿಯಾಗದಿದ್ದರೆ ಅಲ್ಲಿಗೆ ಹೊರಡಿಸಿ.

ಎದ್ದು ಹೊರಡುವ ಮುಂಚೆ

ಬೂದಿಯ ಮೇಲೆ ನೀರು ಸುರಿದು, ಕೋಲಿನಿಂದ ಕಲಸಿ, ಮತ್ತೆ ಸುರಿಯಿರಿ. ಹೊಗೆ ನಿಂತರೂ ಒಳಗೆ ಕೆಂಡ ಇರುತ್ತದೆ. ಕೈ ಹತ್ತಿರ ಹಿಡಿದರೆ ಕಾವು ತಾಕಬಾರದು. ಸಿಪ್ಪೆಯನ್ನು ತೆಂಗಿನ ಬುಡಕ್ಕೆ ಹಾಕಿ, ಪೇಪರ್ ಪ್ಲೇಟು ತಂದಿದ್ದರೆ ವಾಪಸ್ ಒಯ್ಯಿರಿ. ಹೊಲದವರ ಮನೆಗೆ ಒಂದು ಮೊರ ಸುಟ್ಟ ಕಾಯಿ ಕೊಟ್ಟೇ ಹೊರಡಬೇಕು.

ಉಳಿದ ಬೇಯಿಸಿದ ಕಾಯಿ ಹೊರಗಿಟ್ಟರೆ ಮಾರನೆಯ ದಿನಕ್ಕೆ ಹಳಸುತ್ತದೆ. ರಾತ್ರಿಯೇ ಬಿಡಿಸಿ ಫ್ರಿಜ್‌ಗೆ ಹಾಕಿ. ಬೆಳಿಗ್ಗೆ ಸಾಸಿವೆ, ಹಸಿಮೆಣಸಿನಕಾಯಿ, ಕರಿಬೇವಿನ ಒಗ್ಗರಣೆ ಕೊಟ್ಟು, ಈರುಳ್ಳಿ, ಕೊತ್ತಂಬರಿ, ಒಂದು ಹೋಳು ನಿಂಬೆಹಣ್ಣು ಸೇರಿಸಿದರೆ ಉಸ್ಲಿ. ಸುಟ್ಟದ್ದು ಉಳಿದಿದ್ದರೆ ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು, ಉಪ್ಪು ಹಾಕಿ ಒರಳಲ್ಲಿ ತರಿತರಿಯಾಗಿ ಕುಟ್ಟಿ. ರಾಗಿರೊಟ್ಟಿಗೆ ಆ ಚಟ್ನಿ ಎರಡು ದಿನ ಸಾಕು, ಮನೆಯಲ್ಲಿ ಜನ ಕಡಿಮೆ ಇದ್ದರೆ.